ಸೈಜ್ ಕಂಡ ಮಾತ್ರಕ್ಕೆ ಫೈಲ್ ಬಂದಂತಲ್ಲ

"ಫೋಲ್ಡರಿನಲ್ಲಿ 4 ಜಿಬಿ ಪೂರ್ತಿ ತೋರಿಸ್ತಿದೆ ಸಾರ್, ಆದ್ರೆ ಓಪನ್ನೇ ಆಗ್ತಿಲ್ಲ." ಟೊರೆಂಟ್ (ಒಂದೇ ಫೈಲನ್ನು ಹಲವರ ಕಂಪ್ಯೂಟರುಗಳಿಂದ ತುಂಡುತುಂಡಾಗಿ ಇಳಿಸಿಕೊಳ್ಳುವ ವಿಧಾನ) ಬಳಸುವವರ ಬಾಯಲ್ಲಿ ಇದು ಮುಗಿಯದ ದೂರು. ಸಾಫ್ಟ್‌ವೇರ್ ತೆರೆದು ನೋಡಿದರೆ ಡೌನ್‌ಲೋಡ್ ಶೇ. 5 ಕೂಡ ದಾಟಿರುವುದಿಲ್ಲ. ಅಷ್ಟರಲ್ಲಿ ಆ ಫೈಲು ಪೆನ್‌ಡ್ರೈವ್ ಹತ್ತಿ ಪಕ್ಕದ ಮನೆಗೂ ಹೋಗಿರುತ್ತದೆ.

ಒಂದು ಫೈಲಿಗೆ ಮೂರು ಲೆಕ್ಕಗಳಿವೆ: ಅದರ ಉದ್ದ ಎಷ್ಟು, ಡಿಸ್ಕಿನಲ್ಲಿ ಅದಕ್ಕೆ ಎಷ್ಟು ಜಾಗ ಸಿಕ್ಕಿದೆ, ನಿಜವಾಗಿ ಎಷ್ಟು ಡೇಟಾ ಬಂದಿದೆ. ಮಾಮೂಲಿ ಫೈಲಿನಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅರ್ಧ ಇಳಿದ ಟೊರೆಂಟ್ ಫೈಲಿನಲ್ಲಿ ಮೂರೂ ಮೂರು ದಿಕ್ಕು. ವಿಂಡೋಸ್‌ನಲ್ಲಿ ಆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. 'ಸೈಜ್' ಎಂಬ ಸಾಲಿನಲ್ಲಿ 4 ಜಿಬಿ, ಅದರ ಕೆಳಗೇ 'ಸೈಜ್ ಆನ್ ಡಿಸ್ಕ್' ಎಂಬಲ್ಲಿ 212 ಎಂಬಿ ಇರಬಹುದು. ಮೊದಲನೆಯದು ಉದ್ದ, ಎರಡನೆಯದು ಜಾಗ. ಮೂರನೆಯ ಲೆಕ್ಕ ಈ ಕಿಟಕಿಯಲ್ಲಿ ಇಲ್ಲವೇ ಇಲ್ಲ. ಅದು ಟೊರೆಂಟ್ ಸಾಫ್ಟ್‌ವೇರಿನ ಶೇಕಡಾ ಕಾಲಮ್ಮಿನಲ್ಲಿ ಮಾತ್ರ ಸಿಗುತ್ತದೆ, ಏಕೆಂದರೆ ಹ್ಯಾಶ್ (ಡೇಟಾದಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ತಾಳೆಯಾದ ಪೀಸುಗಳನ್ನಷ್ಟೇ, ಅಂದರೆ ಫೈಲಿನ ತುಂಡುಗಳನ್ನಷ್ಟೇ, ಅದು ಬಂದವೆಂದು ಎಣಿಸುತ್ತದೆ. ದಯವಿಟ್ಟು ಆ ಕಾಲಮ್ ನೋಡಿ, ಫೋಲ್ಡರ್ ನೋಡಬೇಡಿ.

ಈ ಗೊಂದಲದ ಮೂಲ ಬಿಟ್‌ಟೊರೆಂಟ್‌ನ ವಿನ್ಯಾಸದಲ್ಲೇ ಇದೆ. 2001ರಲ್ಲಿ ಬ್ರಾಮ್ ಕೋಹೆನ್ ರೂಪಿಸಿದ ಈ ಪದ್ಧತಿಯಲ್ಲಿ ಫೈಲು ಪೀಸುಗಳಾಗಿ ಒಡೆದಿರುತ್ತದೆ. 4 ಜಿಬಿಯ ಐಎಸ್‌ಒ (ಡಿವಿಡಿಯಂಥ ಡಿಸ್ಕಿನ ಪೂರ್ತಿ ಪ್ರತಿ) ಫೈಲಿಗೆ 1 ಎಂಬಿ ಪೀಸ್ ಅಂದರೆ 4,096 ಪೀಸು. ಅತಿ ಕಡಿಮೆ ಜನರ ಬಳಿ ಇರುವ ಪೀಸನ್ನು ಮೊದಲು ತರಿಸಿಕೊಳ್ಳುವುದು ನಿಯಮ, ಹಾಗಾಗಿ ಅವು ಸಾಲಾಗಿ ಬರುವುದಿಲ್ಲ. 3,900ನೆಯದು ಮೊದಲೇ ಬಂದರೆ ಅದನ್ನು ಅದರ ಜಾಗದಲ್ಲೇ ಬರೆಯಬೇಕು. ಅದಕ್ಕೇ ಸಾಫ್ಟ್‌ವೇರ್ ಶುರುವಿನಲ್ಲೇ ಫೈಲಿನ ಉದ್ದವನ್ನು ಪೂರ್ತಿ ಮಾಡಿಟ್ಟುಬಿಡುತ್ತದೆ.

ಉದ್ದ ಆಯಿತು, ಜಾಗ? ಸಾಮಾನ್ಯವಾಗಿ ಡೀಫಾಲ್ಟ್ ಆಗಿರುವುದು ಸ್ಪಾರ್ಸ್ ಪದ್ಧತಿ. ಬರೆಯದ ಭಾಗಕ್ಕೆ ಡಿಸ್ಕಿನಲ್ಲಿ ಏನೂ ಕೊಡುವುದಿಲ್ಲ. ಓದಲು ಹೋದರೆ ಸೊನ್ನೆಗಳು ಸಿಗುತ್ತವೆ. ಪೀಸು ಬಂದಾಗ ಆ ಕ್ಷಣಕ್ಕೆ ಎಲ್ಲಿ ಖಾಲಿ ಇದೆಯೋ ಅಲ್ಲಿ ಕೂರಿಸುತ್ತದೆ. ಒಟ್ಟಿಗೆ ನಾಲ್ಕು ಟೊರೆಂಟ್ ನಡೆಯುತ್ತಿದ್ದರೆ ನಾಲ್ಕರ ಪೀಸುಗಳೂ ಕಲಸಿ ಕೂರುತ್ತವೆ. ಇದೇ ಫ್ರಾಗ್ಮೆಂಟೇಶನ್. ಇನ್ನೊಂದು ಪದ್ಧತಿ ಪ್ರೀ-ಅಲೊಕೇಶನ್: ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂತೆ, ಪೀಸು ಬರುವ ಮೊದಲೇ 4 ಜಿಬಿ ಜಾಗವನ್ನು ಆದಷ್ಟೂ ಒಂದೇ ಕಡೆ ಹಿಡಿದಿಡುವುದು. ಆಗ ಸೈಜ್ ಮತ್ತು ಸೈಜ್ ಆನ್ ಡಿಸ್ಕ್ ಎರಡೂ ಮೊದಲ ನಿಮಿಷದಿಂದಲೇ 4 ಜಿಬಿ. ಟವೆಲ್ ಇದೆ, ಜನ ಇಲ್ಲ!

ಸ್ಪಾರ್ಸ್ ಫೈಲಿನ ಇನ್ನೊಂದು ಏಟು ತಡವಾಗಿ ಬೀಳುತ್ತದೆ. 500 ಜಿಬಿ ಡಿಸ್ಕಿಗೆ ತಲಾ 200 ಜಿಬಿಯ ಮೂರು ಟೊರೆಂಟ್ ಹಾಕಿದರೂ ಅದು ತುಟಿ ಪಿಟಕ್ಕೆನ್ನುವುದಿಲ್ಲ. ಮುಕ್ಕಾಲು ಭಾಗ ಇಳಿದ ಮೇಲೆ ಡಿಸ್ಕ್ ತುಂಬಿ ಮೂರೂ ಒಟ್ಟಿಗೆ ನಿಲ್ಲುತ್ತವೆ, ಕೈಗೆ ಒಂದೂ ಪೂರ್ತಿ ಸಿಗುವುದಿಲ್ಲ. ಅರ್ಧ ಬಂದ ಸ್ಪಾರ್ಸ್ ಫೈಲನ್ನು ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಇರುವ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಅಲ್ಲಿ ಸ್ಪಾರ್ಸ್ ಸೌಲಭ್ಯವೇ ಇಲ್ಲದ್ದರಿಂದ ಸೊನ್ನೆಗಳೆಲ್ಲ ನಿಜವಾದ ಸೊನ್ನೆಗಳಾಗಿ 4 ಜಿಬಿ ನುಂಗುತ್ತವೆ.

ಫ್ರಾಗ್ಮೆಂಟೇಶನ್ ಎಷ್ಟು ದುಬಾರಿ? 7,200 ಆರ್‌ಪಿಎಂ ಹಾರ್ಡ್ ಡಿಸ್ಕಿನಲ್ಲಿ ಓದುವ ಹೆಡ್ ಸರಿಯಲು, ತಟ್ಟೆ ಸುತ್ತಿ ಬರಲು ಸೇರಿ ಸುಮಾರು 12 ಮಿಲಿಸೆಕೆಂಡ್ ಹಿಡಿಯಿರಿ. 4 ಜಿಬಿ ಒಂದೇ ಸಾಲಿನಲ್ಲಿದ್ದರೆ ಸೆಕೆಂಡಿಗೆ 150 ಎಂಬಿಯಂತೆ 27 ಸೆಕೆಂಡಿನಲ್ಲಿ ಓದಿ ಮುಗಿಯುತ್ತದೆ. 4,096 ತುಂಡಾಗಿದ್ದರೆ ಇನ್ನೂ 50 ಸೆಕೆಂಡು ಸೇರುತ್ತದೆ, ಸಹಿಸಬಹುದು. ಆದರೆ ಪೀಸು ಕೂಡ 16 ಕೆಬಿ ಬ್ಲಾಕುಗಳಾಗಿ ಬರುತ್ತದೆ. ಡಿಸ್ಕ್ ತುಂಬುತ್ತ ಬಂದು ಪ್ರತಿ ಬ್ಲಾಕೂ ಬೇರೆ ಕಡೆ ಬಿದ್ದರೆ 2,62,144 ತುಂಡು, ಹೆಡ್ಡಿನ ಓಡಾಟಕ್ಕೇ 52 ನಿಮಿಷ. ಸಾಫ್ಟ್‌ವೇರೂ ಆಪರೇಟಿಂಗ್ ಸಿಸ್ಟಮ್ಮೂ ಬ್ಲಾಕುಗಳನ್ನು ಮೆಮರಿಯಲ್ಲಿ ಒಟ್ಟುಗೂಡಿಸಿ ಬರೆಯುವುದರಿಂದ ಅಷ್ಟು ಕೆಡುವುದು ಅಪರೂಪ. ಆದರೂ ಶೇ. 95 ತುಂಬಿದ ಡಿಸ್ಕಿನ ಮೇಲೆ ನಂಬಿಕೆ ಇಡಬೇಡಿ.

ಎನ್‌ಟಿಎಫ್‌ಎಸ್ (ವಿಂಡೋಸ್‌ನ ಮಾಮೂಲಿ ಫೈಲ್ ಸಿಸ್ಟಮ್) ಹಾರ್ಡ್ ಡಿಸ್ಕ್ ಆದರೆ ಕ್ಯೂಬಿಟ್‌ಟೊರೆಂಟ್ ಎಂಬ ಟೊರೆಂಟ್ ಸಾಫ್ಟ್‌ವೇರಿನಲ್ಲಿ ಟೂಲ್ಸ್, ಆಪ್ಷನ್ಸ್, ಡೌನ್‌ಲೋಡ್ಸ್ ಒಳಗೆ 'ಪ್ರೀ-ಅಲೊಕೇಟ್ ಡಿಸ್ಕ್ ಸ್ಪೇಸ್ ಫಾರ್ ಆಲ್ ಫೈಲ್ಸ್' ಟಿಕ್ ಮಾಡಿ. ಅದು ಮುಂದೆ ಸೇರಿಸುವ ಟೊರೆಂಟುಗಳಿಗೆ. ಈಗಾಗಲೇ ಚೂರಾಗಿರುವುದನ್ನು ಜೋಡಿಸಿಕೊಡುವುದಿಲ್ಲ. ಟಿಕ್ ಮಾಡಿದ ಮೇಲೆ ಒಂದು ವಿಚಿತ್ರ ಕಾಣಬಹುದು. ಡೌನ್‌ಲೋಡ್ ಸೊನ್ನೆಯಲ್ಲೇ ಇದೆ, ಡಿಸ್ಕ್ ಮಾತ್ರ ಶೇ. 100 ದುಡಿಯುತ್ತಿದೆ. ಫೈಲಿನ ಕೊನೆಯ ಪೀಸು ಮೊದಲು ಬಂದರೆ ಎನ್‌ಟಿಎಫ್‌ಎಸ್ ಅದರ ಹಿಂದಿನದ್ದಕ್ಕೆಲ್ಲ ಸೊನ್ನೆ ಬರೆದು ತುಂಬಬೇಕಾಗುತ್ತದೆ, ಇಲ್ಲದಿದ್ದರೆ ಅಳಿಸಿಹೋದ ಹಳೆಯ ಫೈಲುಗಳ ಅವಶೇಷ ಆ ಜಾಗದಲ್ಲಿ ಕಂಡುಬಿಡುತ್ತದೆ. ದೊಡ್ಡ ಫೈಲಿಗೆ ಕೆಲವು ನಿಮಿಷ ಹಿಡಿಯುತ್ತದೆ. ಹ್ಯಾಂಗ್ ಆಯಿತೆಂದು ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಕೊಲ್ಲಬೇಡಿ, ಕಾಯಿರಿ.

ಲಿನಕ್ಸ್‌ನಲ್ಲಿ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಇದ್ದರೆ ಈ ಕಾಯುವಿಕೆ ಇಲ್ಲ. ಫಾಲೊಕೇಟ್ ಎಂಬ ಸಿಸ್ಟಮ್ ಆಜ್ಞೆ ಜಾಗವನ್ನು 'ಇನ್ನೂ ಬರೆದಿಲ್ಲ' ಎಂಬ ಗುರುತಿನೊಂದಿಗೆ ಕ್ಷಣದಲ್ಲಿ ಕೊಟ್ಟುಬಿಡುತ್ತದೆ. ಆರಿಯಾ2 ಎಂಬ ಡೌನ್‌ಲೋಡ್ ಸಾಫ್ಟ್‌ವೇರಿನಲ್ಲಿ ಫೈಲ್-ಅಲೊಕೇಶನ್ ಆಯ್ಕೆಗೆ 'ಫಾಲೊಕ್' ಕೊಡಿ. ಟ್ರಾನ್ಸ್‌ಮಿಷನ್ ಎಂಬ ಟೊರೆಂಟ್ ಸಾಫ್ಟ್‌ವೇರಿನ ಸೆಟ್ಟಿಂಗ್ಸ್ ಫೈಲಿನಲ್ಲಿ 'ಪ್ರೀಅಲೊಕೇಶನ್' 1 ಇರುತ್ತದೆ, 2 ಮಾಡಿದರೆ ಪೂರ್ತಿ ಹಿಡಿಯುತ್ತದೆ. ಪ್ರೋಗ್ರಾಂ ನಿಲ್ಲಿಸಿಯೇ ಬದಲಾಯಿಸಿ, ಇಲ್ಲವಾದರೆ ಮುಚ್ಚುವಾಗ ನಿಮ್ಮ ತಿದ್ದುಪಡಿಯ ಮೇಲೆ ಹಳೆಯದನ್ನೇ ಬರೆದುಹಾಕುತ್ತದೆ. ಜೆಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಇರುವ ನ್ಯಾಸ್‌ನಲ್ಲಿ (ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಪ್ರೀ-ಅಲೊಕೇಶನ್‌ನಿಂದ ಪ್ರಯೋಜನವಿಲ್ಲ, ಅಲ್ಲಿ ಪ್ರತಿ ಬರಹವೂ ಹೊಸ ಜಾಗಕ್ಕೇ ಹೋಗುತ್ತದೆ.

ಅರೆಬರೆ ಫೈಲುಗಳಿಗೆ ಬೇರೆ ಫೋಲ್ಡರ್ ಇಟ್ಟು, ಮುಗಿದ ಮೇಲೆ ಸರಿಸುವ ಉಪಾಯವನ್ನು ಬಹಳ ಜನ ಕೇಳಿ ತಿಳಿದಿದ್ದಾರೆ, ಅರ್ಧ ಮಾತ್ರ. ಎರಡೂ ಫೋಲ್ಡರ್ ಅದೇ ಡಿ ಡ್ರೈವಿನಲ್ಲಿದ್ದರೆ 'ಮೂವ್' ಎಂಬುದು ಬರೀ ವಿಳಾಸ ಬದಲಾವಣೆ. ಚೂರುಗಳು ಇದ್ದಲ್ಲೇ ಇರುತ್ತವೆ. ಬೇರೆ ಡಿಸ್ಕಿಗೆ, ಕನಿಷ್ಠ ಬೇರೆ ಪಾರ್ಟಿಷನ್ನಿಗೆ ಸರಿದರೆ ಮಾತ್ರ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಬರೆಯಬೇಕಾಗುತ್ತದೆ, ಅಲ್ಲಿ ಖಾಲಿ ಜಾಗ ಸಾಕಷ್ಟಿದ್ದರೆ ತಾನಾಗಿ ಜೋಡಣೆಯಾಗುತ್ತದೆ. ಇಂಟರ್ನೆಟ್ ಆರ್ಕೈವ್‌ನಿಂದ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನುಗಳನ್ನು ಟೊರೆಂಟಿನಲ್ಲಿ ರಾಶಿ ರಾಶಿ ಇಳಿಸಿಕೊಳ್ಳುವವರಿಗೆ ಇದು ತಕ್ಕ ವ್ಯವಸ್ಥೆ: ಇಳಿಯುವುದು ಎಸ್‌ಎಸ್‌ಡಿಗೆ, ಉಳಿಯುವುದು ಹಾರ್ಡ್ ಡಿಸ್ಕಿನಲ್ಲಿ. ಎಸ್‌ಎಸ್‌ಡಿಗೆ ಹೆಡ್ಡಿನ ಓಡಾಟ ಇಲ್ಲ, ಅಲ್ಲಿ ಚೂರಾದರೂ ನಷ್ಟ ಅತ್ಯಲ್ಪ. ಅದನ್ನು ಡಿಫ್ರಾಗ್ ಮಾಡುವುದು (ಚೂರುಗಳನ್ನು ಒಂದೆಡೆ ಜೋಡಿಸುವುದು), ಸೊನ್ನೆ ತುಂಬಿಸುವುದು ಎರಡೂ ಸುಮ್ಮನೆ ಸವೆತ.

ಚೂರಾಗಿದೆಯೋ ಇಲ್ಲವೋ ಎಂದು ಊಹಿಸಬೇಕಿಲ್ಲ. ಲಿನಕ್ಸ್‌ನಲ್ಲಿ ಫೈಲ್‌ಫ್ರ್ಯಾಗ್, ವಿಂಡೋಸ್‌ನಲ್ಲಿ ಸಿಸ್‌ಇಂಟರ್ನಲ್ಸ್‌ನ ಕಾಂಟಿಗ್ ಒಂದೊಂದು ಫೈಲಿನ ತುಂಡುಗಳನ್ನು ಎಣಿಸಿ ಕೊಡುತ್ತವೆ. ದೊಡ್ಡ ಫೈಲಿಗೆ ಹತ್ತಿಪ್ಪತ್ತು ತುಂಡು ಬಂದರೆ ಮರೆತುಬಿಡಿ. ಸಾವಿರಗಳಲ್ಲಿ ಬಂದರೆ ಇಡೀ ಡ್ರೈವನ್ನು ರಾತ್ರಿಯಿಡೀ ಡಿಫ್ರಾಗ್‌ಗೆ ಹಚ್ಚುವ ಬದಲು ಟೊರೆಂಟನ್ನು ನಿಲ್ಲಿಸಿ, ಆ ಫೈಲೊಂದನ್ನೇ ಬೇರೆ ಡಿಸ್ಕಿಗೆ ಕಾಪಿ ಮಾಡಿ ವಾಪಸ್ ತನ್ನಿ.