ಸೆಂಟ್ರಲ್ ಪಾರ್ಕಿನ ಮೂವರು ಮಹಿಳೆಯರು: ಎರಡೂ ಕಡೆಯಿಂದ ಟೀಕೆ ಏಕೆ?

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಗಂಡಸರ ಪ್ರತಿಮೆಗಳು ಇಪ್ಪತ್ತಕ್ಕೂ ಹೆಚ್ಚು. ನಿಜವಾಗಿ ಬದುಕಿದ್ದ ಮಹಿಳೆಯದು 2020ರವರೆಗೆ ಒಂದೂ ಇರಲಿಲ್ಲ. ‘ಆಲಿಸ್ ಇದ್ದಾಳಲ್ಲ?’ ಎನ್ನಬೇಡಿ, ಅವಳು ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಯ ಹುಡುಗಿ, ಅಲ್ಲಿರುವ ಜೂಲಿಯೆಟ್ ಷೇಕ್ಸ್‌ಪಿಯರ್ ನಾಟಕದವಳು. ನಮ್ಮಲ್ಲಿ ತಾಯಿ ಭುವನೇಶ್ವರಿಯ ಪ್ರತಿಮೆ ಬೇರೆ, ಕಿತ್ತೂರು ಚೆನ್ನಮ್ಮನದು ಬೇರೆ ಅಲ್ಲವೇ, ಹಾಗೆ.

ಆ ಕೊರತೆ ನೀಗಿಸಿದ, ಶಿಲ್ಪಿ ಮೆರೆಡಿತ್ ಬರ್ಗ್‌ಮನ್ ರೂಪಿಸಿದ ಕಂಚಿನ ಪ್ರತಿಮೆ ಅನಾವರಣಗೊಂಡಿದ್ದು 2020ರ ಆಗಸ್ಟ್ 26ರಂದು. ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟ ಅಮೆರಿಕ ಸಂವಿಧಾನದ 19ನೇ ತಿದ್ದುಪಡಿ ಅಧಿಕೃತವಾಗಿ ಆ ದಿನಕ್ಕೆ ಸರಿಯಾಗಿ ನೂರು ವರ್ಷ. ಒಂದೇ ಮೇಜು, ಮಹಿಳೆಯರ ಹಕ್ಕಿಗಾಗಿ ಹೋರಾಡಿದ ಮೂವರು: ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಲೇಖನಿ ಹಿಡಿದು ಕೂತಿದ್ದಾರೆ, ಸೂಸನ್ ಬಿ. ಆಂಥನಿ ಪ್ರವಾಸದ ಚೀಲದೊಂದಿಗೆ ನಿಂತಿದ್ದಾರೆ, ಗುಲಾಮಗಿರಿಯಿಂದ ಹೊರಬಂದ ಕಪ್ಪು ಮಹಿಳೆ ಸೊಜರ್ನರ್ ಟ್ರೂತ್ ಹೆಣಿಗೆ ನಿಲ್ಲಿಸಿ ಏನೋ ಹೇಳುತ್ತಿದ್ದಾರೆ.

ಈಗ ಗಂಟು. ಮೊದಲ ವಿನ್ಯಾಸದಲ್ಲಿ ಟ್ರೂತ್ ಇರಲೇ ಇಲ್ಲ. ಬಿಳಿಯರಾದ ಸ್ಟ್ಯಾಂಟನ್, ಆಂಥನಿ ಇಬ್ಬರೇ, ಅವರಿಂದ ಇಳಿಬಿದ್ದ ಕಾಗದದ ಸುರುಳಿಯಲ್ಲಿ ಇತರ ಹೋರಾಟಗಾರ್ತಿಯರ ಹೆಸರು, ಅಷ್ಟೆ. ಕಪ್ಪು ಮಹಿಳೆಯರಿಗೆ ಬರೀ ಹೆಸರು, ಬಿಳಿಯರಿಗೆ ದೇಹ ಎಂದು ಆಕ್ಷೇಪ ಬಂತು. ಸುರುಳಿ ತೆಗೆದರು, 2019ರಲ್ಲಿ ಟ್ರೂತ್‌ರನ್ನು ಸೇರಿಸಿದರು. ಆಗ ಕೆಲವು ವಿದ್ವಾಂಸರು ಇದಕ್ಕೂ ತಕರಾರು ತೆಗೆದರು! ಸೇರಿಸಿ ಎಂದಿದ್ದೂ ಟೀಕೆ, ಸೇರಿಸಿದ್ದಕ್ಕೂ ಟೀಕೆ. ವಿರೋಧಾಭಾಸದಂತೆ ಕಾಣುತ್ತದೆ, ಆದರೆ ಅಲ್ಲ. ನಿಧಾನವಾಗಿ ನೋಡಿ.

ಮೂವರ ನಡುವೆ ಪರಿಚಯವೇನೋ ಇತ್ತು: 1867ರಲ್ಲಿ ಟ್ರೂತ್ ಸ್ಟ್ಯಾಂಟನ್ ಮನೆಯಲ್ಲೇ ಉಳಿದಿದ್ದರು. ಆದರೆ ಕಪ್ಪು ಗಂಡಸರಿಗೆ ಮತ ಕೊಟ್ಟು ಹೆಂಗಸರನ್ನು ಬಿಟ್ಟ 15ನೇ ತಿದ್ದುಪಡಿಯನ್ನು ಸ್ಟ್ಯಾಂಟನ್, ಆಂಥನಿ ವಿರೋಧಿಸಿದರು. ಸ್ಟ್ಯಾಂಟನ್ ಕಪ್ಪು ಜನರ ಬಗ್ಗೆ ಹೀನ ಮಾತನ್ನೂ ಆಡಿದರು. 1869ರಲ್ಲಿ ಚಳವಳಿ ಇಬ್ಭಾಗವಾಯಿತು. ಒಂದೇ ಮೇಜಿನ ಸುತ್ತ ಮೂವರನ್ನು ಕೂಡಿಸಿದರೆ ಆ ಜಗಳವೆಲ್ಲ ಕಂಚಿನಲ್ಲಿ ಮುಚ್ಚಿಹೋಗುತ್ತದೆ. ಮೊದಲ ಟೀಕೆ ‘ಯಾರಿದ್ದಾರೆ’ ಎಂಬುದರ ಬಗ್ಗೆ. ಎರಡನೆಯದು ‘ಹೇಗೆ ಇದ್ದಾರೆ’ ಎಂಬುದರ ಬಗ್ಗೆ. ಈ ಎರಡು ಪ್ರಶ್ನೆ ಬೇರೆ ಮಾಡಿಕೊಂಡರೆ ಯಾವ ಸ್ಮಾರಕದ ವಿವಾದವಾದರೂ ಬಿಡಿಸಬಹುದು. ನನಗಂತೂ ಎರಡನೆಯದೇ ಗಟ್ಟಿ ವಾದ ಅನ್ನಿಸುತ್ತದೆ.

ಇಸವಿಗಳು: ಟ್ರೂತ್ ತೀರಿಕೊಂಡಿದ್ದು 1883, ಸ್ಟ್ಯಾಂಟನ್ 1902, ಆಂಥನಿ 1906. ಅಂದರೆ 19ನೇ ತಿದ್ದುಪಡಿ ಬಂದ 1920ನ್ನು ಮೂವರೂ ನೋಡಲಿಲ್ಲ. ದಕ್ಷಿಣದ ಕಪ್ಪು ಮಹಿಳೆಯರಿಗೆ ಮತಗಟ್ಟೆಯ ಅಡೆತಡೆ ಕಾನೂನಿನಿಂದ ತೆರವಾಗಲು 1965 ಬರಬೇಕಾಯಿತು.

ಈ ವಿವಾದದ ಮಾತಿನಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಅಂಶ: ಸುರುಳಿ ತೆಗೆದಾಗ ಅದರಲ್ಲಿದ್ದ ಕಪ್ಪು ಪತ್ರಕರ್ತೆ, ಹೋರಾಟಗಾರ್ತಿ ಐಡಾ ಬಿ. ವೆಲ್ಸ್ ಅವರ ಹೆಸರೂ ಹೋಯಿತು.