ಕ್ಲಾಕ್ ಚಿಪ್ ಮಾತು ನಿಲ್ಲಿಸಿದೆ, ಕಿತ್ತು ಹಾಕಲೇಬೇಕಾ?

ಪ್ರಶ್ನೆ: ನನ್ನ ಬೋರ್ಡಿನಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸಿಡಿಸಿಇ913 ಕ್ಲಾಕ್ ಜನರೇಟರ್ (ಬೇರೆ ಚಿಪ್‌ಗಳಿಗೆ ತಾಳದಂತೆ ಕ್ಲಾಕ್ ಸಿಗ್ನಲ್ ಕೊಡುವ ಚಿಪ್) ಇದೆ. ಐ2ಸಿ (ಎರಡು ತಂತಿಯಲ್ಲಿ ಚಿಪ್‌ಗಳು ಮಾತಾಡುವ ವಿಧಾನ) ಮೂಲಕ ಹೊಸ ಸೆಟ್ಟಿಂಗ್ ಬರೆದು ಇಇಪ್ರಾಮ್‌ಗೆ (ಪವರ್ ಹೋದರೂ ಅಳಿಯದ ಮೆಮೊರಿಗೆ) ಸೇವ್ ಮಾಡಿದೆ. ಪವರ್ ತೆಗೆದು ಮತ್ತೆ ಕೊಟ್ಟ ಮೇಲೆ ಚಿಪ್ ಉತ್ತರವನ್ನೇ ಕೊಡುತ್ತಿಲ್ಲ. ಆದರೆ ಔಟ್‌ಪುಟ್‌ನಲ್ಲಿ ಕ್ಲಾಕ್ ಬರುತ್ತಿದೆ. ಚಿಪ್ ಹೋಯಿತಾ?

ಉತ್ತರ: ಹೋಗಿಲ್ಲ. ಕ್ಲಾಕ್ ಬರುತ್ತಿದೆ ಅಂದರೆ ಒಳಗಿನ ಕೆಲಸ ನಡೆಯುತ್ತಲೇ ಇದೆ. ಬಹುಶಃ ನೀವು ಮಾತಾಡುತ್ತಿದ್ದ ಎರಡು ಪಿನ್‌ಗಳ ಕೆಲಸ ಬದಲಾಗಿದೆ, ಅಷ್ಟೇ.

ಈ ಚಿಪ್‌ನಲ್ಲಿ ಇರುವುದು 14 ಪಿನ್. ಅದರಲ್ಲಿ 12 ಮತ್ತು 13ಕ್ಕೆ ಎರಡೆರಡು ಪಾತ್ರ. ಸಾಮಾನ್ಯವಾಗಿ 12 ಎಸ್‌ಸಿಎಲ್, 13 ಎಸ್‌ಡಿಎ, ಅಂದರೆ ಐ2ಸಿಯ ಕ್ಲಾಕ್ ಮತ್ತು ಡೇಟಾ ಪಿನ್‌ಗಳು. ಬೇಕೆಂದರೆ ಇವನ್ನೇ ಎಸ್2, ಎಸ್1 ಎಂಬ ಕಂಟ್ರೋಲ್ ಪಿನ್‌ಗಳಾಗಿ ಮಾಡಿಕೊಳ್ಳಬಹುದು. ಆಗ ಮೊದಲೇ ಇರುವ ಕಂಟ್ರೋಲ್ ಪಿನ್ ಎಸ್0 ಜೊತೆ ಸೇರಿ ಮೂರು ಪಿನ್, ಎಂಟು ಸ್ಥಿತಿ. ಪ್ರೊಸೆಸರ್ ಇಲ್ಲದ ಬೋರ್ಡಿನಲ್ಲಿ ಬರೀ ಜಂಪರ್ ಹಾಕಿ ಫ್ರೀಕ್ವೆನ್ಸಿ ಬದಲಿಸುವವರಿಗೆ ಇದು ಒಳ್ಳೆಯ ಸೌಲಭ್ಯವೇ. ಇದನ್ನು ತೀರ್ಮಾನಿಸುವುದು 02ನೇ ರಿಜಿಸ್ಟರ್‌ನ (ಚಿಪ್ ಒಳಗೆ ಸೆಟ್ಟಿಂಗ್ ಕೂರುವ ಒಂದು ಬೈಟ್‌ನ ಜಾಗ) 6ನೇ ಬಿಟ್. ಅದರ ಹೆಸರು ಎಸ್‌ಪಿಐಕಾನ್. ಸೊನ್ನೆ ಇದ್ದರೆ ಐ2ಸಿ, ಒಂದು ಇದ್ದರೆ ಕಂಟ್ರೋಲ್ ಪಿನ್. ಬರೀ ರಿಜಿಸ್ಟರ್‌ನಲ್ಲಿ ಒಂದು ಬರೆದರೆ ಏನೂ ಆಗುವುದಿಲ್ಲ. ಇಇಪ್ರಾಮ್‌ಗೆ ಹೋದ ಮೇಲಷ್ಟೇ ಅದು ಜಾರಿಗೆ ಬರುತ್ತದೆ. ಹಾಗಾಗಿ ಬರೆಯುವಾಗ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಸೇವ್ ಮಾಡಿದ ಮೇಲೆ ಬಾಗಿಲು ಮುಚ್ಚುತ್ತದೆ.

ಈ ಬಿಟ್ ಅರಿವಿಲ್ಲದೆ ಒಂದಾಗುವುದು ಸುಲಭ. ಅದೇ 02ನೇ ಬೈಟ್‌ನ ಕೆಳಗಿನ ಎರಡು ಬಿಟ್‌ಗಳಲ್ಲಿ ವೈ1 ಔಟ್‌ಪುಟ್‌ನ ಡಿವೈಡರ್‌ನ (ಫ್ರೀಕ್ವೆನ್ಸಿಯನ್ನು ಭಾಗಿಸುವ ಸಂಖ್ಯೆಯ) ಮೇಲ್ಭಾಗ ಇದೆ. ಡಿವೈಡರ್ ಬದಲಿಸಲು ಹೋಗಿ ಇಡೀ ಬೈಟನ್ನು ತುಳಿದುಬಿಡುತ್ತಾರೆ. ಇನ್ನೊಂದು ಕಾರಣ ಇದಕ್ಕಿಂತ ಮೋಸದ್ದು. ಈ ಚಿಪ್‌ನಲ್ಲಿ ರಿಜಿಸ್ಟರ್ ನಂಬರ್ ಕಳಿಸುವಾಗ ಮೇಲಿನ ಬಿಟ್ ಒಂದಾಗಿದ್ದರೆ ಮಾತ್ರ ಅದು ಒಂದೇ ಬೈಟ್‌ನ ವ್ಯವಹಾರ. 02ನೇ ರಿಜಿಸ್ಟರ್‌ಗೆ ಹೆಕ್ಸ್ (16ರ ಎಣಿಕೆಯ) 82 ಕಳಿಸಬೇಕು. ಸುಮ್ನೆ 02 ಕಳಿಸಿದರೆ ಚಿಪ್ ಅದನ್ನು ಬ್ಲಾಕ್ ರೈಟ್ (ಹಲವು ಬೈಟ್ ಒಟ್ಟಿಗೆ ಬರೆಯುವುದು) ಅಂದುಕೊಳ್ಳುತ್ತದೆ. ನಿಮ್ಮ ಮೊದಲ ಡೇಟಾ ಬೈಟನ್ನು "ಎಷ್ಟು ಬೈಟ್ ಬರುತ್ತವೆ" ಎಂಬ ಲೆಕ್ಕವಾಗಿ ಓದುತ್ತದೆ. ಮುಂದಿನದೆಲ್ಲ ಒಂದೊಂದು ಮನೆ ಸರಿದು ಕೂರುತ್ತದೆ. ಬೇರೆ ಐ2ಸಿ ಚಿಪ್‌ಗಳ ಕೋಡ್ ನಕಲು ಮಾಡಿದವರು ಇಲ್ಲೇ ಎಡವುವುದು ಜಾಸ್ತಿ.

ಈಗ ವಾಪಸ್ ಒಳಗೆ ಹೋಗುವ ದಾರಿ. ಡೇಟಾಶೀಟ್‌ನಲ್ಲಿ ಇದು ರಿಜಿಸ್ಟರ್ ಪಟ್ಟಿಯ ಕೆಳಗೆ ಸಣ್ಣ ಅಕ್ಷರದ ಅಡಿಟಿಪ್ಪಣಿಯಾಗಿದೆ. ಇಷ್ಟು ಮುಖ್ಯ ವಿಷಯವನ್ನು ಅಲ್ಲಿ ಯಾಕೆ ಅಡಗಿಸಿಟ್ಟರೋ! ಅದು ಹೇಳುವುದು ಇಷ್ಟು: ಔಟ್‌ಪುಟ್‌ಗಳಿಗೆ ಸಪ್ಲೈ ಕೊಡುವ ವಿಡಿಡಿಔಟ್ ಪಿನ್ ಅನ್ನು ಗ್ರೌಂಡಿಗೆ ಎಳೆದರೆ 12 ಮತ್ತು 13 ತಾತ್ಕಾಲಿಕವಾಗಿ ಮತ್ತೆ ಎಸ್‌ಸಿಎಲ್, ಎಸ್‌ಡಿಎ ಆಗುತ್ತವೆ. ಜೊತೆಗೆ ಚಿಪ್‌ನ ಐ2ಸಿ ವಿಳಾಸದ ಕೊನೆಯ ಎರಡು ಬಿಟ್‌ಗಳೂ ಸೊನ್ನೆಯಾಗುತ್ತವೆ.

ಈ ಎರಡನೇ ಮಾತನ್ನು ಗಮನಿಸದವರೇ ಚಿಪ್ ಸತ್ತಿತು ಎಂದು ಕಿತ್ತು ಬಿಸಾಡುವುದು. 913ರ ಮಾಮೂಲಿ ವಿಳಾಸ ಹೆಕ್ಸ್ 65. ವಿಡಿಡಿಔಟ್ ಗ್ರೌಂಡಿನಲ್ಲಿರುವಾಗ ಅದು 64ರಲ್ಲಿ ಸಿಗುತ್ತದೆ. 65ರಲ್ಲೇ ಹುಡುಕಿದರೆ ಎಷ್ಟು ಹೊತ್ತಾದರೂ ಸದ್ದಿಲ್ಲ. ಅದೇ ಐ2ಸಿ ತಂತಿಗಳ (ಬಸ್) ಮೇಲೆ ಇದೇ ಸಾಲಿನ ಸಿಡಿಸಿಇ925 ಚಿಪ್ ಕೂಡ ಇದ್ದರೆ ಇನ್ನೊಂದು ಫಜೀತಿ: ಅದರ ಮಾಮೂಲಿ ವಿಳಾಸವೇ 64. ಅದನ್ನು ಬೇರ್ಪಡಿಸಿಕೊಳ್ಳಿ.

ಮೊದಲೇ ಒಂದು ಸಣ್ಣ ಪರೀಕ್ಷೆ. ಏನನ್ನೂ ಮುಟ್ಟದೆ 64ರಿಂದ 67ರವರೆಗೆ ಸ್ಕ್ಯಾನ್ ಮಾಡಿ. ವಿಳಾಸದ ಆ ಎರಡು ಬಿಟ್‌ಗಳನ್ನೂ ಬದಲಿಸಬಹುದಾದ್ದರಿಂದ ಚಿಪ್ ಪಕ್ಕದ ಮನೆಗೆ ಹೋಗಿರಬಹುದು. ಅಲ್ಲಿ ಸಿಕ್ಕರೆ ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಕೆಲಸವೇ ಇಲ್ಲ.

ಸಿಗಲಿಲ್ಲವಾ? ವಿಡಿಡಿಔಟ್ ಇರುವುದು 6 ಮತ್ತು 7ನೇ ಪಿನ್. ಇವನ್ನು ನೇರವಾಗಿ ಗ್ರೌಂಡಿಗೆ ಶಾರ್ಟ್ ಮಾಡಬೇಡಿ. ಆ ಪಿನ್ ಬೋರ್ಡಿನ 3.3 ವೋಲ್ಟ್ ಲೈನಿಗೆ ಸೇರಿರುತ್ತದೆ, ರೆಗ್ಯುಲೇಟರ್ ಒದ್ದಾಡುತ್ತದೆ. ಆ ಲೈನಿನಲ್ಲಿ ಫೆರೈಟ್ ಬೀಡ್ (ಗದ್ದಲ ತಡೆಯುವ ಸಣ್ಣ ಭಾಗ) ಇದ್ದರೆ ಅದನ್ನು ಬಿಚ್ಚಿ. ಇಲ್ಲದಿದ್ದರೆ ಎರಡೂ ಪಿನ್‌ಗಳನ್ನು ಎತ್ತಿ. ಆಮೇಲೆ ಚಿಪ್ ಕಡೆಯ ತುದಿಯನ್ನು ತೆಳ್ಳನೆ ತಂತಿಯಿಂದ ಗ್ರೌಂಡಿಗೆ ಜೋಡಿಸಿ. ಪಕ್ಕಪಕ್ಕದಲ್ಲಿರುವುದರಿಂದ ಕೆಲಸ ಅಷ್ಟು ಕಷ್ಟವಲ್ಲ. ಚಿಪ್‌ನ ಮುಖ್ಯ ಸಪ್ಲೈ ಪಿನ್ ವಿಡಿಡಿಗೆ 1.8 ವೋಲ್ಟ್ ಎಂದಿನಂತೆ ಬರುತ್ತಿರಬೇಕು.

ಐ2ಸಿ ತಂತಿಗಳನ್ನು ಸಪ್ಲೈ ಮಟ್ಟಕ್ಕೆ ಎಳೆದಿಡುವ ಪುಲ್-ಅಪ್ ರೆಸಿಸ್ಟರ್‌ಗಳು ಎಲ್ಲಿಗೆ ಸೇರಿವೆ ನೋಡಿ. ಅವು ನೀವು ಗ್ರೌಂಡ್ ಮಾಡಿದ ತುದಿಯಲ್ಲೇ ಇದ್ದರೆ ಬಸ್ ಮೇಲೇಳುವುದೇ ಇಲ್ಲ. ಬೇರೆ 3.3 ವೋಲ್ಟ್‌ಗೆ ಕಟ್ಟಿ, ಈ ಎರಡು ಪಿನ್ 3.6 ವೋಲ್ಟ್‌ವರೆಗೂ ತಡೆಯುತ್ತವೆ. ಎಸ್0 ಹಾಗಲ್ಲ, ಅದರ ಮಿತಿ 1.9 ವೋಲ್ಟ್. ಬೋರ್ಡಿನ ಪ್ರೊಸೆಸರ್‌ಗೆ ಇದೇ ಚಿಪ್ ಕ್ಲಾಕ್ ಕೊಡುತ್ತಿದ್ದರೆ ಈಗ ಅದಕ್ಕೂ ಜೀವ ಇರುವುದಿಲ್ಲ, ಔಟ್‌ಪುಟ್‌ಗೆ ಸಪ್ಲೈ ಇಲ್ಲವಲ್ಲ. ಹಾಗಿದ್ದಾಗ ಹೊರಗಿನಿಂದ ಒಂದು ಯುಎಸ್‌ಬಿ-ಐ2ಸಿ ಅಡಾಪ್ಟರ್ ಅಥವಾ ರಾಸ್‌ಬೆರಿ ಪೈ ಬಳಸಿ.

64ರಲ್ಲಿ ಉತ್ತರ ಬಂದ ತಕ್ಷಣ ಬರೆಯಲು ಹೋಗಬೇಡಿ. ಮೊದಲು ಎಲ್ಲ ರಿಜಿಸ್ಟರ್ ಓದಿ ಫೈಲಿಗೆ ಹಾಕಿಕೊಳ್ಳಿ. ಸೇವ್ ಮಾಡುವಾಗ ಒಂದೇ ಬೈಟ್ ಅಲ್ಲ, ಎಲ್ಲವೂ ಒಟ್ಟಿಗೆ ಇಇಪ್ರಾಮ್‌ಗೆ ಹೋಗುತ್ತವೆ. ಮುಖ್ಯವಾಗಿ 01ನೇ ರಿಜಿಸ್ಟರ್‌ನ 5ನೇ ಬಿಟ್ ನೋಡಿ. ಅದು ಇಇಲಾಕ್. ಒಂದು ಇದ್ದರೆ ಇಇಪ್ರಾಮ್‌ಗೆ ಶಾಶ್ವತ ಬೀಗ ಬಿದ್ದಿದೆ, ಹೊಸ ಚಿಪ್ ಹಾಕುವುದೊಂದೇ ದಾರಿ. ಸೊನ್ನೆ ಇದ್ದರೆ ಬಚಾವ್. ಆದರೆ ವಿಳಾಸದ ಬಿಟ್‌ಗಳೂ ಇದೇ ಬೈಟ್‌ನಲ್ಲಿವೆ. ಬೇರೆ ಅಗತ್ಯ ಇಲ್ಲದಿದ್ದರೆ ಈ ಬೈಟಿನ ತಂಟೆಗೇ ಹೋಗಬೇಡಿ.

ಇನ್ನು ಕೆಲಸ ಚಿಕ್ಕದು. 02ನೇ ರಿಜಿಸ್ಟರ್‌ನಲ್ಲಿ 6ನೇ ಬಿಟ್ ಮಾತ್ರ ಸೊನ್ನೆ ಮಾಡಿ, ಉಳಿದದ್ದು ಓದಿದ ಹಾಗೇ ಇರಲಿ. ಓದಿ ನೋಡಿ ಖಚಿತ ಮಾಡಿಕೊಳ್ಳಿ. ಕೊನೆಯಲ್ಲಿ 06ನೇ ರಿಜಿಸ್ಟರ್‌ನ ಸೊನ್ನೆಯನೇ ಬಿಟ್ ಅನ್ನು ಒಂದು ಮಾಡಿ. ಇದು ಇಇರೈಟ್, ಸೊನ್ನೆಯಿಂದ ಒಂದಕ್ಕೆ ಏರುವಾಗ ಮಾತ್ರ ಕೆಲಸ ಮಾಡುತ್ತದೆ. ಮೊದಲೇ ಒಂದಾಗಿದ್ದರೆ ಒಮ್ಮೆ ಸೊನ್ನೆ ಮಾಡಿ ಮತ್ತೆ ಏರಿಸಿ. 01ನೇ ರಿಜಿಸ್ಟರ್‌ನ 6ನೇ ಬಿಟ್ ಸೊನ್ನೆಗೆ ಇಳಿಯುವವರೆಗೆ ಓದುತ್ತಾ ಕಾಯಿರಿ. ಅಲ್ಲಿಯವರೆಗೆ ಏನನ್ನೂ ಬರೆಯಬೇಡಿ, ಪವರ್ ತೆಗೆಯಬೇಡಿ. ಆಮೇಲೆ ಇಇರೈಟ್ ಸೊನ್ನೆ ಮಾಡಿ, ಪವರ್ ಆಫ್ ಮಾಡಿ, ವಿಡಿಡಿಔಟ್ ಅನ್ನು ಮೊದಲಿನಂತೆ ಜೋಡಿಸಿ. ಈಗ ಚಿಪ್ ತನ್ನ ಹಳೆಯ ವಿಳಾಸದಲ್ಲೇ ಸಿಗಬೇಕು.

ಬೇರೆ ಕ್ಲಾಕ್ ಚಿಪ್ ಬಳಸುವವರಿಗೂ ಎರಡು ಮಾತು. ಎಸ್ಐ5351ನಲ್ಲಿ ನೀವು ಬರೆಯುವ ಸೆಟ್ಟಿಂಗ್ ಪವರ್ ಹೋದರೆ ಅಳಿಸಿಹೋಗುತ್ತದೆ, ಅಲ್ಲಿ ಪವರ್ ತೆಗೆದು ಹಾಕುವುದೇ ಮದ್ದು. ವರ್ಸಾಕ್ಲಾಕ್ 5 ಸಾಲಿನಲ್ಲಿ ಪವರ್ ಬರುವ ಕ್ಷಣದಲ್ಲಿ ಔಟ್0 ಪಿನ್‌ನ ಮಟ್ಟವನ್ನು ಚಿಪ್ ಓದುತ್ತದೆ. ಅದು ಮೇಲಿದ್ದರೆ ಐ2ಸಿ ಪಿನ್‌ಗಳು ಸೆಲೆಕ್ಟ್ ಪಿನ್ ಆಗುತ್ತವೆ. 10 ಕಿಲೋ ಓಮ್ ರೆಸಿಸ್ಟರ್‌ನಿಂದ ಕೆಳಗೆಳೆದು ಪವರ್ ಕೊಟ್ಟರೆ ಐ2ಸಿ ವಾಪಸ್.

913ರ ಇಇಪ್ರಾಮ್‌ಗೆ ಖಾತರಿ ಇರುವುದು 100 ಸಲ ಬರೆಯುವುದಕ್ಕೆ ಮಾತ್ರ, ಸಾಮಾನ್ಯವಾಗಿ 1000 ಸಲ ಬರುತ್ತದೆ. ಬೋರ್ಡ್ ಬೂಟ್ ಆದಾಗಲೆಲ್ಲ ಸೇವ್ ಮಾಡುವ ಸಾಲು ನಿಮ್ಮ ಕೋಡ್‌ನಲ್ಲಿದ್ದರೆ ಇವತ್ತೇ ತೆಗೆದುಬಿಡಿ. ಪ್ರಯೋಗಕ್ಕೆ ರಿಜಿಸ್ಟರ್ ಸಾಕು.