ಓದುಗರ ಪ್ರಶ್ನೆ: ಆಲ್ಫಾ ಲಾವಲ್ ಹುಟ್ಟಿದ್ದೇ ಸ್ಟೇನ್‌ಲೆಸ್ ಸ್ಟೀಲ್ ಕಂಪನಿಯಾಗಿಯಾ?

ಡೈರಿ ಕೆಲಸಕ್ಕೆ ಹೊಸದಾಗಿ ಸೇರಿದವರು, ಡೈರಿ ನೋಡಿಕೊಂಡು ಬಂದವರು, ಎಲ್ಲರದ್ದೂ ಇದೇ ಪ್ರಶ್ನೆ. ಫಳಫಳ ಹೊಳೆಯುವ ಸೆಪರೇಟರ್ (ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರ) ಮೇಲೆ ಆಲ್ಫಾ ಲಾವಲ್ ಅನ್ನುವ ಹೆಸರು ಓದಿ, "ಸ್ಟೇನ್‌ಲೆಸ್ ಸ್ಟೀಲ್ ಕಂಡುಹಿಡಿದಿದ್ದೇ ಇವರು ಅಲ್ವಾ?" ಅಂತಾರೆ. ಅಲ್ಲ. ಈ ಸಲ ಇಸವಿ ಸಮೇತ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಕಂಪನಿ ಶುರುವಾಗಿದ್ದು ಸ್ವೀಡನ್ನಿನಲ್ಲಿ, 1883ರಲ್ಲಿ. ಆಗಿನ ಹೆಸರು ಎಬಿ ಸೆಪರೇಟರ್. ಕಟ್ಟಿದವರು ಗುಸ್ತಾಫ್ ಡಿ ಲಾವಲ್ ಮತ್ತು ಆಸ್ಕರ್ ಲಾಮ್. ಅದಕ್ಕೂ ಮೊದಲು ಹಾಲನ್ನು ಅಗಲ ಪಾತ್ರೆಯಲ್ಲಿ ಇಟ್ಟು, ಕೆನೆ ತೇಲುವ ತನಕ ಕಾಯಬೇಕಿತ್ತು. ಜರ್ಮನಿಯಲ್ಲಿ ತಿರುಗಿಸಿ ಕೆನೆ ತೆಗೆಯುವ ಯಂತ್ರ ಬಂದಿತ್ತು, ಆದರೆ ಪ್ರತಿ ಸಲವೂ ನಿಲ್ಲಿಸಿ ಕೆನೆ ತೆಗೆದುಕೊಳ್ಳಬೇಕು. ಡಿ ಲಾವಲ್ ಯಂತ್ರಕ್ಕೆ ಹಾಲು ಸುರಿಯುತ್ತಲೇ ಇರಬಹುದು. ಒಂದು ಕಡೆ ಕೆನೆ, ಇನ್ನೊಂದು ಕಡೆ ಕೆನೆರಹಿತ ಹಾಲು ಬರುತ್ತಲೇ ಇರುತ್ತದೆ.

ಈಗ ಸ್ಟೀಲಿನ ಜಾತಕ ನೋಡಿ. ಜರ್ಮನಿಯ ಕ್ರುಪ್ ಕಂಪನಿ ಕ್ರೋಮಿಯಂ-ನಿಕಲ್ ಇರುವ ಸ್ಟೇನ್‌ಲೆಸ್ ಸ್ಟೀಲಿಗೆ ಪೇಟೆಂಟ್ ಹಾಕಿದ್ದು 1912ರಲ್ಲಿ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಸ್ಟೀಲ್ ಎರಕ ಹೊಯ್ದಿದ್ದು 1913ರ ಆಗಸ್ಟಿನಲ್ಲಿ. ಅವರು ಹುಡುಕುತ್ತಿದ್ದದ್ದು ಬೇಗ ಸವೆಯದ ಬಂದೂಕಿನ ನಳಿಗೆ. ಹಾಲಿನ ಮಾತೇ ಅಲ್ಲಿರಲಿಲ್ಲ. ಡಿ ಲಾವಲ್ ತೀರಿಕೊಂಡಿದ್ದು ಅದೇ 1913ರ ಫೆಬ್ರವರಿಯಲ್ಲಿ. ಅಂದರೆ ಸ್ಟೇನ್‌ಲೆಸ್ ಸ್ಟೀಲ್ ಡೈರಿಗೆ ಕಾಲಿಡುವುದನ್ನು ಅವರು ಕಣ್ಣಲ್ಲೇ ನೋಡಲಿಲ್ಲ. ಕಂಪನಿಗೆ ಆಗಲೇ ಮೂವತ್ತು ವರ್ಷ.

ಇಷ್ಟು ಹೇಳಿದರೂ ಒಬ್ಬರು ಕೈ ಎತ್ತುತ್ತಾರೆ. "ಹಳೇ ಕೈ ಸೆಪರೇಟರ್ ಕೂಡ ಬೆಳ್ಳಗೆ ಹೊಳೆಯುತ್ತಲ್ಲ?" ಹೊಳೆಯುತ್ತೆ, ಯಾಕೆ ಹೊಳೆಯಲ್ಲ! ಅದು ತವರ. ನಮ್ಮ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದೆವಲ್ಲ, ಅದೇ ತವರ, ಇಲ್ಲಿ ಸಾದಾ ಉಕ್ಕಿನ ಮೇಲೆ. ಅನುಮಾನ ಇದ್ದರೆ ಹಳೇ ಸೆಪರೇಟರ್‌ನ ಬಟ್ಟಲು ಬಿಚ್ಚಿ. ಒಳಗೆ ಶಂಕುವಿನ ಆಕಾರದ ತೆಳು ತಟ್ಟೆಗಳು ಒಂದರ ಮೇಲೊಂದು ಕೂತಿರುತ್ತವೆ. ಎಷ್ಟೋ ಯಂತ್ರಗಳಲ್ಲಿ ತಟ್ಟೆಗಳಿಗೆ ನಂಬರ್ ಕೊರೆದಿರುತ್ತಾರೆ, ತೊಳೆದ ಮೇಲೆ ಅದೇ ಸಾಲಿನಲ್ಲಿ ಜೋಡಿಸಬೇಕು. ತಟ್ಟೆಯ ಅಂಚು ನೋಡಿ. ತವರ ಸವೆದ ಕಡೆ ಕಂದು ತುಕ್ಕು ಕೂತಿರುತ್ತದೆ. ಸ್ಟೇನ್‌ಲೆಸ್ ಆಗಿದ್ದರೆ ಹೀಗೆ ಪದರ ಎದ್ದು ಒಳಗಿನ ಲೋಹ ಕಾಣುತ್ತಿತ್ತಾ?

ಅಂದ ಹಾಗೆ, ಈ ತಟ್ಟೆಗಳೂ ಡಿ ಲಾವಲ್ ಐಡಿಯಾ ಅಲ್ಲ. ಕ್ಲೆಮೆನ್ಸ್ ಫಾನ್ ಬೆಕ್ಟೋಲ್ಸ್‌ಹೈಮ್ ಎಂಬ ಜರ್ಮನ್ ಸಂಶೋಧಕರ ಪೇಟೆಂಟ್ ಅದು, 1889ರಲ್ಲಿ ಕಂಪನಿ ಕೊಂಡುಕೊಂಡಿತು. ಅವಕ್ಕೆ ಆಲ್ಫಾ ತಟ್ಟೆ ಅಂತಲೇ ಹೆಸರು. ಕಂಪನಿಗೆ ಆಲ್ಫಾ ಲಾವಲ್ ಎಂಬ ಹೆಸರು ಬಿದ್ದಿದ್ದು ಮಾತ್ರ 1963ರಲ್ಲಿ.

ಮುಂದಿನದ್ದು ಬೇಗ ಹೇಳುತ್ತೇನೆ. 1937ರಿಂದ ಭಾರತದಲ್ಲಿದ್ದಾರೆ, ಪುಣೆಯೇ ಕೇಂದ್ರ. 1938ರಲ್ಲಿ ತಮ್ಮ ಮೊದಲ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ (ತಟ್ಟೆಗಳ ನಡುವೆ ಹರಿಸಿ ಹಾಲನ್ನು ಬಿಸಿ ಅಥವಾ ತಣ್ಣಗೆ ಮಾಡುವ ಯಂತ್ರ) ತಂದರು. 1991ರಲ್ಲಿ ಟೆಟ್ರಾ ಪ್ಯಾಕ್ ಗುಂಪು ಇಡೀ ಕಂಪನಿಯನ್ನು ಕೊಂಡಿತು. 2000ದಲ್ಲಿ ಮಾರಿತು, ಆದರೆ ಹಾಲು ಕರೆಯುವ ಯಂತ್ರದ ವಿಭಾಗವನ್ನು ತಾನೇ ಇಟ್ಟುಕೊಂಡಿತು. ಅದೇ ಇವತ್ತಿನ ಡಿಲಾವಲ್. ಅದಕ್ಕೇ ಕೊಟ್ಟಿಗೆಯಲ್ಲಿ ಒಂದು ಹೆಸರು, ಡೈರಿಯಲ್ಲಿ ಇನ್ನೊಂದು.

ಹಾಗಾದರೆ ತವರ ಬಿಟ್ಟು ಸ್ಟೇನ್‌ಲೆಸ್‌ಗೆ ಯಾಕೆ ಬಂದರು? ಇದನ್ನು ಯಾರೂ ಕೇಳುವುದೇ ಇಲ್ಲ. ಕೇಳಬೇಕಾದದ್ದು ಇದು! ತುಕ್ಕಷ್ಟೇ ಕಾರಣ ಅಲ್ಲ. ಹಳೇ ಡೈರಿಗಳಲ್ಲಿ ತವರ ಲೇಪಿಸಿದ ತಾಮ್ರದ ಪಾತ್ರೆಗಳೂ ಇದ್ದವು. ತವರ ಸವೆದು ತಾಮ್ರ ಎದ್ದರೆ ಅದರ ಚೂರು ಅಂಶ ಹಾಲಿಗೆ ಇಳಿಯುತ್ತದೆ. ಅಷ್ಟು ಸಾಕು, ಹಾಲಿನ ಕೊಬ್ಬು ಕೆಟ್ಟು ರಟ್ಟಿನ ವಾಸನೆ ಬರುತ್ತದೆ. ಇನ್ನೊಂದು ಕಾರಣ ತೊಳೆಯುವುದು. ಪೈಪು ಬಿಚ್ಚದೆ ಬಿಸಿ ಕಾಸ್ಟಿಕ್ ಸೋಡಾ, ಆಮೇಲೆ ನೈಟ್ರಿಕ್ ಆಸಿಡ್ ಹರಿಸಿ ತೊಳೆಯುವುದು ಈಗ ಎಲ್ಲಾ ಕಡೆ ಮಾಮೂಲು. ಕಾಸ್ಟಿಕ್ ತವರವನ್ನೂ ತಿನ್ನುತ್ತದೆ, ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ಸ್ಟೇನ್‌ಲೆಸ್ ಆ ಕಾಸ್ಟಿಕ್, ಆಸಿಡ್ ಎರಡನ್ನೂ ತಡೆಯುತ್ತದೆ.

ಹಾಗಂತ ಅದಕ್ಕೆ ಏನೂ ಆಗಲ್ಲ ಅಂದುಕೊಂಡು ಬ್ಲೀಚಿಂಗ್ ದ್ರಾವಣ ತುಂಬಿ ರಾತ್ರಿಯಿಡೀ ಬಿಡಬೇಡಿ. ಅದರಲ್ಲಿರುವ ಕ್ಲೋರೈಡ್, ಸ್ಟೀಲಿನ ಮೇಲಿನ ಕ್ರೋಮಿಯಂ ಆಕ್ಸೈಡ್ ಪದರವನ್ನು ಅಲ್ಲಲ್ಲಿ ಚುಚ್ಚಿ ಗುಂಡಿ ಮಾಡುತ್ತದೆ. ಮಾಲಿಬ್ಡಿನಂ ಎಂಬ ಲೋಹ ಇರುವ 316 ದರ್ಜೆಯ ಸ್ಟೇನ್‌ಲೆಸ್ ಸ್ವಲ್ಪ ಜಾಸ್ತಿ ತಾಳುತ್ತದೆ, 304 ದರ್ಜೆ ಅಷ್ಟು ತಾಳಲ್ಲ. ಕೆಲಸ ಆದ ತಕ್ಷಣ ಒಳ್ಳೆ ನೀರಲ್ಲಿ ತೊಳೆದುಬಿಡಿ.